ಲಂಡನ್‌ನಲ್ಲಿ ಒಂದೇ ದಿನ ಬಿಡುವಿದೆ. ಎನಿಗ್ಮಾ ಯಂತ್ರವನ್ನು ಎಲ್ಲಿ ನೋಡಬಹುದು?

ನನಗೂ ಕಂಪನಿ ಕೆಲಸ, ನನಗೂ ಲಂಡನ್, ನನಗೂ ಒಂದೇ ದಿನ ರಜೆ. ಅದು 2019. ಯೂಸ್ಟನ್‌ನಲ್ಲಿ ರೈಲು ಹತ್ತಿ ಬ್ಲೆಚ್ಲಿಯಲ್ಲಿ ಇಳಿದೆ. ಸ್ಟೇಷನ್‌ನಿಂದ ಬ್ಲೆಚ್ಲಿ ಪಾರ್ಕ್‌ಗೆ ನಡೆದೇ ಹೋಗಬಹುದು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗುಪ್ತ ಸಂದೇಶಗಳನ್ನು ಬ್ರಿಟಿಷರು ಬಿಡಿಸಿದ್ದು ಅಲ್ಲೇ.

ಅಲ್ಲಿದ್ದ ಗಣಿತಜ್ಞ ಅಲನ್ ಟ್ಯೂರಿಂಗ್ ಕೆಲಸ ಮಾಡಿದ ಕೋಣೆ ನೋಡಿದೆ. ಜರ್ಮನರು ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸುತ್ತಿದ್ದ ಎನಿಗ್ಮಾ ಯಂತ್ರಗಳನ್ನೂ ನೋಡಿದೆ. ಸಂಜೆ ನಾಲ್ಕಕ್ಕೆ, 'ಗುಪ್ತಲಿಪಿ ಬಿಡಿಸಲು ಬಳಸಿದ ಯಂತ್ರಗಳು, ಬಾಂಬ್, ಕೊಲೋಸಸ್ ಎಲ್ಲಿವೆ?' ಅಂತ ಅಲ್ಲಿದ್ದವರೊಬ್ಬರನ್ನು ಕೇಳಿದೆ. 'ಅದು ಬೇರೆ ಮ್ಯೂಸಿಯಂ, ಇವತ್ತು ಮುಚ್ಚಿದೆ' ಅಂದರು.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆವರಣ ಒಂದೇ, ಮ್ಯೂಸಿಯಂ ಎರಡು. ಒಂದು ಬ್ಲೆಚ್ಲಿ ಪಾರ್ಕ್. ಇನ್ನೊಂದು ಬ್ಲಾಕ್ ಎಚ್ ಕಟ್ಟಡದಲ್ಲಿರುವ ನ್ಯಾಷನಲ್ ಮ್ಯೂಸಿಯಂ ಆಫ್ ಕಂಪ್ಯೂಟಿಂಗ್. ಟಿಕೆಟ್ ಬೇರೆ, ನಡೆಸುವವರು ಬೇರೆ, ತೆರೆದಿರುವ ದಿನಗಳೂ ಬೇರೆ. ಎರಡನೆಯದು ವಾರವಿಡೀ ತೆರೆದಿರುವುದಿಲ್ಲ. ನಾನು ನಂಬಿದ್ದು ಯಾರೋ ವರ್ಷಗಳ ಹಿಂದೆ ಬರೆದ ಪ್ರವಾಸ ಬರಹವನ್ನು. ಆಗ ಬಾಂಬ್ ಯಂತ್ರದ ಮರುನಿರ್ಮಾಣ ಪಾರ್ಕ್‌ನಲ್ಲೇ ಇತ್ತು. (ಬಾಂಬ್ ಅಂದರೆ ಸಿಡಿಯುವುದಲ್ಲ, ಎನಿಗ್ಮಾವನ್ನು ಆ ದಿನ ಹೇಗೆ ಜೋಡಿಸಿದ್ದಾರೆ ಅಂತ ಹುಡುಕುವ ಯಂತ್ರ.) 2018ರಲ್ಲಿ ಅದನ್ನು ಬ್ಲಾಕ್ ಎಚ್‌ಗೆ ಸಾಗಿಸಿದರು. ಎರಡು ವೆಬ್‌ಸೈಟ್ ತೆರೆದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ತೆರೆಯಲಿಲ್ಲ. ಮತ್ತೆ ಹೋಗಲು ನಾಲ್ಕು ವರ್ಷ ಬೇಕಾಯಿತು, ಅದೂ ಕೈಯಿಂದ ಹಾಕಿ. ಪಾರ್ಕ್ ಟಿಕೆಟ್ ಒಂದು ವರ್ಷ ನಡೆಯುತ್ತದೆ ಅಂತ ಅದನ್ನು ಜೋಪಾನವಾಗಿ ಬೇರೆ ಇಟ್ಟುಕೊಂಡಿದ್ದೆ!

ಈಗ ನಿಮಗೆ ಹಿಡಿಸದ ಮಾತು. ಬರೀ ಎನಿಗ್ಮಾಗೋಸ್ಕರ ಹೋಗಬೇಡಿ. ಗಾಜಿನ ಹಿಂದೆ ಅದು ಹಳೇ ಟೈಪ್‌ರೈಟರ್ ಥರ ಸುಮ್ನೆ ಕೂತಿರುತ್ತದೆ. ಒಂದು ಅಕ್ಷರ ಒತ್ತಿದರೆ ಇನ್ನೊಂದರ ದೀಪ ಹತ್ತುತ್ತದೆ, ಒತ್ತಿದ ಅಕ್ಷರದ್ದೇ ದೀಪ ಎಂದೂ ಹತ್ತುವುದಿಲ್ಲ. ಮಜಾ ಇರುವುದೇ ಅಲ್ಲಿ, ಆದರೆ ನಿಮಗೆ ಕಾಣುವುದು ಪೆಟ್ಟಿಗೆ ಮಾತ್ರ. ಅಷ್ಟೇ ಸಾಕು ಅಂದರೆ ಲಂಡನ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂಗೆ ಹೋಗಿ, ಪುಕ್ಕಟೆ. ಮುಂದೆ ಅಮೆರಿಕಕ್ಕೆ ಹೋದರೆ ಮೇರಿಲ್ಯಾಂಡ್‌ನ ನ್ಯಾಷನಲ್ ಕ್ರಿಪ್ಟೊಲಾಜಿಕ್ ಮ್ಯೂಸಿಯಂ ಇದೆ, ಅದೂ ಪುಕ್ಕಟೆ.

ನೋಡಬೇಕಾದ್ದು ಬ್ಲಾಕ್ ಎಚ್‌ನಲ್ಲಿರುವ ಲೊರೆನ್ಜ್. ಜರ್ಮನರ 12 ಚಕ್ರಗಳ ಗುಪ್ತಲಿಪಿ ಯಂತ್ರ, ಹಿಟ್ಲರ್ ಮತ್ತು ಅವನ ಸೇನಾಧಿಕಾರಿಗಳ ನಡುವಿನ ಸಂದೇಶಗಳಿಗೆ. ಬ್ಲೆಚ್ಲಿಯವರು ಅದನ್ನು ಕಣ್ಣಲ್ಲಿ ಕಂಡದ್ದು ಯುದ್ಧ ಮುಗಿಯುವ ಹೊತ್ತಿಗೆ. ಬಿಡಿಸಿದ್ದು ಅದಕ್ಕೂ ಎಷ್ಟೋ ಮುಂಚೆ. ಹೇಗೆ ಗೊತ್ತಾ? 1941ರ ಆಗಸ್ಟ್ 30ರಂದು ಜರ್ಮನ್ ಆಪರೇಟರ್ ಒಬ್ಬ ಸುಮಾರು 4,000 ಅಕ್ಷರಗಳ ಸಂದೇಶ ಕಳಿಸಿದ. ಸರಿಯಾಗಿ ಸಿಗಲಿಲ್ಲ, ಇನ್ನೊಮ್ಮೆ ಕಳಿಸು ಅಂದರು ಆ ಕಡೆಯವರು. ಇವನು ಚಕ್ರಗಳನ್ನು ಮೊದಲಿದ್ದ ಜಾಗಕ್ಕೇ ತಿರುಗಿಸಿ, ಕೆಲವು ಪದಗಳನ್ನು ಮೊಟಕು ಮಾಡಿ ಮತ್ತೆ ಕಳಿಸಿದ. ಬ್ಲೆಚ್ಲಿಯ ಜಾನ್ ಟಿಲ್ಟ್‌ಮನ್ ಬ್ರಿಟಿಷರು ಕದ್ದು ಕೇಳಿದ ಆ ಎರಡನ್ನೂ ಪಕ್ಕಪಕ್ಕ ಇಟ್ಟು ಬಿಡಿಸಿದರು. ಅದರಿಂದ ಅಲ್ಲಿನ ಗಣಿತಜ್ಞ ಬಿಲ್ ಟಟ್, ಕಾಣದ ಯಂತ್ರದ ಒಳಗಿನ ಚಕ್ರಗಳನ್ನೇ ಲೆಕ್ಕ ಹಾಕಿ ಹೇಳಿದರು. ಎರಡು ನಿಮಿಷ ಉಳಿಸಲು ಹೋಗಿ ಕೆಟ್ಟವರಲ್ಲಿ ನಾನೊಬ್ಬನೇ ಅಲ್ಲ ಅಂತ ಆಗ ಸಮಾಧಾನವಾಯಿತು.

ಆ ಚಕ್ರಗಳ ಜೋಡಣೆಯನ್ನು ಬೇಗ ಹುಡುಕಲು ಎಂಜಿನಿಯರ್ ಟಾಮಿ ಫ್ಲವರ್ಸ್ ಕಟ್ಟಿದ್ದೇ ಕೊಲೋಸಸ್. ಅದು ಬ್ಲೆಚ್ಲಿಯಲ್ಲಿ ಕೆಲಸ ಶುರು ಮಾಡಿದ್ದು 1944ರಲ್ಲಿ. ಯುದ್ಧದ ನಂತರ ಹೆಚ್ಚಿನ ಕೊಲೋಸಸ್‌ಗಳನ್ನು ಬಿಚ್ಚಿಹಾಕಿ ನಕ್ಷೆಗಳನ್ನು ಸುಟ್ಟರು. ಟೋನಿ ಸೇಲ್ ಅವರ ತಂಡ ಹತ್ತು ವರ್ಷಕ್ಕೂ ಜಾಸ್ತಿ ಹೆಣಗಿ, 2007ಕ್ಕೆ ಮತ್ತೆ ಒಂದನ್ನು ನಿಲ್ಲಿಸಿತು. ಓಡುವಾಗ ಕಾಗದದ ಪಟ್ಟಿ ಸರ್ರನೆ ಸುತ್ತುತ್ತದೆ. ವಾಲ್ವ್‌ಗಳ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ಕೊಳವೆಗಳು) ಬಿಸಿ ಮುಖಕ್ಕೆ ತಟ್ಟುತ್ತದೆ. ನಾನು ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆ.

ಬ್ಲಾಕ್ ಎಚ್ ಯಾವತ್ತು ತೆರೆದಿದೆ ಅಂತ ನೋಡಿಕೊಂಡು ಆಮೇಲೆ ಆಫೀಸಿನಲ್ಲಿ ರಜೆ ಕೇಳಿ. ಮೊದಲು ಅಲ್ಲಿಗೇ ಹೋಗಿ. ಪಾರ್ಕ್ ಅರ್ಧ ಉಳಿದರೂ ಪರವಾಗಿಲ್ಲ, ಆ ಟಿಕೆಟ್ ಒಂದು ವರ್ಷ ನಡೆಯುತ್ತೆ ಅಲ್ವಾ.