ಪಾತ್ರೆಯ ತಳದಲ್ಲಿ ಯಾರ ಹೆಸರು?

ಪ್ರಶ್ನೆ: ನಾನೂ ನನ್ನ ಗಂಡನೂ ತುಂಬಾ ವರ್ಷದಿಂದ ಸೆರಾಮಿಕ್ ಸ್ಟುಡಿಯೋ ನಡೆಸುತ್ತಿದ್ದೇವೆ. ವ್ಹೀಲ್ (ತಿಗರಿ) ಮೇಲೆ ಪಾತ್ರೆ ಎತ್ತುವುದು ನಾನು. ಗ್ಲೇಜ್ (ಮೇಲೆ ಹಚ್ಚುವ ಗಾಜಿನಂಥ ಲೇಪ), ಕಿಲ್ನ್ (ಸುಡುವ ಗೂಡು) ಅವರದ್ದು. ಮೊನ್ನೆ ಒಂದು ಪ್ರದರ್ಶನದ ಕಾರ್ಡಿನಲ್ಲಿ ಅವರ ಹೆಸರು ಮಾತ್ರ ಬಂತು. ಕೇಳಿದ್ದಕ್ಕೆ "ನಿಂದು ನಂದು ಅಂತ ಬೇರೆ ಇದೆಯಾ?" ಅಂದರು. ನನ್ನದೇ ಕೆಲಸವನ್ನು ನನ್ನ ಹೆಸರಲ್ಲೇ ಮಾಡಬೇಕು ಅನ್ನಿಸುತ್ತಿದೆ. ಅವರಿಗೆ ಬೇಜಾರಾದರೆ?
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಯಜಮಾನರು ಆ ಮಾತನ್ನು ಪ್ರೀತಿಯಿಂದಲೇ ಆಡಿರಬಹುದು. ಆದರೆ ಕಾರ್ಡಿನಲ್ಲಿ ಹೆಸರು ಇರುವವರಿಗೆ ಹಾಗೆ ಹೇಳುವುದು ಸುಲಭ, ಅಲ್ವಾ? ನೀವು ಕೇಳಿದ್ದು ಸರಿ.

ನಿಮ್ಮ ಪತ್ರದಲ್ಲಿ ಎರಡು ವಿಷಯ ಸೇರಿಕೊಂಡಿವೆ. ಒಂದು ಹೆಸರಿನದ್ದು, ಇನ್ನೊಂದು ನಿಮ್ಮದೇ ಕೆಲಸದ್ದು. ಮೊದಲು ಹೆಸರಿನದ್ದು ಮುಗಿಸಿ.

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಸಾನ್ ಇಲ್ಡೆಫಾನ್ಸೋ ಎಂಬ ಮೂಲನಿವಾಸಿಗಳ ಊರಿನಲ್ಲಿ ಮರಿಯಾ ಮಾರ್ಟಿನೆಜ್ ಮಡಕೆ ಮಾಡುತ್ತಿದ್ದರು, ಗಂಡ ಜೂಲಿಯನ್ ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ಕಪ್ಪಿನ ಮೇಲೆ ಕಪ್ಪು ಚಿತ್ರವಿರುವ ಅವರ ಮಡಕೆಗಳು ಇವತ್ತಿಗೂ ಪ್ರಸಿದ್ಧ. ಅಲ್ಲಿ ಆಗ ಮಡಕೆ ಹೆಂಗಸರ ಕೆಲಸವಾಗಿತ್ತು. ಹಾಗಾಗಿ ಮೊದಮೊದಲು ತಳದಲ್ಲಿ ಹೆಂಡತಿಯ ಹೆಸರಷ್ಟೇ ಇರುತ್ತಿತ್ತು. 1925ರ ಹೊತ್ತಿಗೆ ಗಂಡನ ಹೆಸರೂ ಸೇರಿತು, 1943ರಲ್ಲಿ ಅವರು ತೀರಿಹೋಗುವವರೆಗೂ ಇಬ್ಬರ ಹೆಸರೂ ಜೊತೆಗೇ ಇತ್ತು. ನಮ್ಮ ಕುಂಬಾರರ ಮನೆಗಳಲ್ಲಿ ಇದು ಉಲ್ಟಾ. ಮಣ್ಣು ಹದ ಮಾಡುವುದರಲ್ಲಿ, ಒಣಗಿಸುವುದರಲ್ಲಿ ಹೆಂಗಸರು ದುಡಿಯುತ್ತಾರೆ, ತಿಗರಿ ಮುಂದೆ ಕೂರುವುದು ಗಂಡಸು, ಹೆಸರೂ ಅವನದ್ದೇ. ನಿಮ್ಮ ಮನೆಯಲ್ಲಿ ತಿಗರಿ ನಿಮ್ಮ ಕೈಯಲ್ಲಿದ್ದರೂ ಹೆಸರು ಅವರಿಗೇ ಹೋಯಿತು, ನನಗೆ ಕೋಪ ಬರುವುದು ಅದಕ್ಕೇ.

ಗ್ಲೇಜ್ ನೋಡಿ ಜನ ಮರುಳಾಗುತ್ತಾರೆ ನಿಜ. ಆದರೆ ಅಂಚಿನಲ್ಲಿ ಗ್ಲೇಜ್ ತೆಳುವಾಗಿ ಒಳಗಿನ ಬಣ್ಣ ಇಣುಕುವುದು, ಬುಡದ ತಿರುವಿನಲ್ಲಿ ಅದು ದಪ್ಪಗೆ ಬಂದು ನಿಲ್ಲುವುದು, ಇವೆಲ್ಲ ಆ ಅಂಚನ್ನೂ ಬುಡವನ್ನೂ ನೀವು ಎಳೆದ ರೀತಿಯಿಂದ ಆಗುವುದು. ಇದು ನಿಮ್ಮ ಯಜಮಾನರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತು. ಒಂದು ಪಾತ್ರೆ ಕೈಗೆ ಕೊಟ್ಟು ಅವರ ಬಾಯಲ್ಲೇ ಹೇಳಿಸಿ. ಆಮೇಲೆ ತಳದಲ್ಲಿ, ಕಾರ್ಡಿನಲ್ಲಿ, ಬಿಲ್ಲಿನಲ್ಲಿ ಎರಡೂ ಹೆಸರು ಇರಲಿ ಅಂತ ನೇರವಾಗಿ ಕೇಳಿ.

ಇನ್ನು ನಿಮ್ಮದೇ ಕೆಲಸ. ಗೆರ್ಟ್ರುಡ್ ಮತ್ತು ಓಟ್ಟೋ ನಾಟ್ಸ್ಲರ್ ಅಂತ ಒಂದು ಜೋಡಿ ಇತ್ತು, 1938ರಲ್ಲಿ ವಿಯೆನ್ನಾ ಬಿಟ್ಟು ಲಾಸ್ ಏಂಜಲಿಸ್ ಸೇರಿದವರು. ನಿಮ್ಮ ಹಾಗೆಯೇ ವ್ಹೀಲ್ ಹೆಂಡತಿಯದ್ದು, ಗ್ಲೇಜ್ ಗಂಡನದ್ದು. ಎಷ್ಟೋ ವರ್ಷ ಅದ್ಭುತವಾದ ಕೆಲಸ ಮಾಡಿದರು. 1971ರಲ್ಲಿ ಹೆಂಡತಿ ತೀರಿಹೋದ ಮೇಲೆ ಓಟ್ಟೋ ಮಣ್ಣಿನ ಹಾಳೆಗಳನ್ನು ಜೋಡಿಸಿ ತಮ್ಮದೇ ಆಕಾರಗಳನ್ನು ಕಟ್ಟತೊಡಗಿದರು. ನೀವು ಅಷ್ಟು ಕಾಯಬೇಡಿ. ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯನ್ನು 1971ರಲ್ಲಿ ಶುರು ಮಾಡಿದ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ಬೇರೆ ದಾರಿ ಹಿಡಿದರು. ಡೆಬೊರಾ ಊಟದ ಪಾತ್ರೆಗಳ ಕೆಲಸ ನೋಡಿಕೊಂಡರು, ರೇ ಮಣ್ಣಿನ ಮನೆಗಳನ್ನೇ ಸುಟ್ಟು ಗಟ್ಟಿ ಮಾಡುವ ಪ್ರಯೋಗಕ್ಕೂ ದೊಡ್ಡ ದೊಡ್ಡ ಶಿಲ್ಪಗಳಿಗೂ ಇಳಿದರು. ವಿಳಾಸ ಒಂದೇ, ಕೆಲಸ ಎರಡು ಥರ.

ಬೇರೆ ಸ್ಟುಡಿಯೋ ಮಾಡುವ ಮಾತು ಈಗಲೇ ಬೇಡ. ಪ್ರತಿ ಫೈರಿಂಗ್‌ನಲ್ಲಿ ಕಿಲ್ನ್ ಒಳಗಿನ ಒಂದು ಶೆಲ್ಫ್ ನಿಮಗೆ ಅಂತ ಕೇಳಿ. ಅಲ್ಲಿ ಏನಿಡಬೇಕು, ಯಾವ ಗ್ಲೇಜ್ ಹಾಕಬೇಕು ಅನ್ನುವುದು ನಿಮ್ಮ ತೀರ್ಮಾನ. ಗ್ಲೇಜ್ ಕಲಿಸಿ ಅಂತ ಅವರನ್ನೇ ಕೇಳಿ, ಸಣ್ಣ ಬಿಲ್ಲೆಗಳ ಮೇಲೆ ಹಚ್ಚಿ ನೋಡಿ. ಕೆಲವು ಕಿಲ್ನ್‌ನಿಂದ ಕೆಟ್ಟದಾಗಿಯೇ ಬರುತ್ತವೆ. ಆಗ ಅವರು ಸರಿಮಾಡಲು ಬಂದರೆ ಬೇಡ ಅನ್ನಿ. ಮೊದಮೊದಲು ಅವರಿಗೆ ಸ್ವಲ್ಪ ಬೇಜಾರಾಗಬಹುದು, ಆಗಲಿ. ನೀವು ಇಷ್ಟು ದಿನ ಬೇಜಾರು ನುಂಗಿಕೊಂಡೇ ಇದ್ದಿರಲ್ಲ.

ಕಾರ್ಡಿನ ವಿಷಯ ಗ್ಯಾಲರಿಯವರ ಹತ್ತಿರ ನೀವು ಮಾತಾಡಬೇಡಿ. ನಿಮ್ಮ ಯಜಮಾನರೇ ಫೋನ್ ಮಾಡಿ ಹೇಳಲಿ, ಅದೂ ಮುಂದಿನ ಪ್ರದರ್ಶನಕ್ಕೆ ಒಪ್ಪಿಕೊಳ್ಳುವ ಮೊದಲೇ.