ಅಗ್ನಿವೀರ ರ‍್ಯಾಲಿಗೆ ಮುನ್ನ ತೂಕ, ಓಟ, ಬೀಮ್

ಪ್ರಶ್ನೆ: ಮಗನಿಗೆ 19 ವರ್ಷ, ಎತ್ತರ 170 ಸೆಂ.ಮೀ., ತೂಕ 74 ಕೆ.ಜಿ. ಸೇನೆಯ ಅಗ್ನಿವೀರ ಲಿಖಿತ ಪರೀಕ್ಷೆ ಬರೆದಿದ್ದಾನೆ. ದೈಹಿಕ ಪರೀಕ್ಷೆ ನಡೆಯುವ ನೇಮಕಾತಿ ರ‍್ಯಾಲಿಗೆ ನಾಲ್ಕು ತಿಂಗಳಿದೆ. 1.6 ಕಿ.ಮೀ. ಓಡಲು ಏಳೂವರೆ ನಿಮಿಷ ಬೇಕು, ಬೀಮ್ (ಕಂಬಿಗೆ ಜೋತು, ಗದ್ದ ಕಂಬಿಯ ಮೇಲೆ ಬರುವಂತೆ ಮೈ ಎಳೆಯುವುದು) ಎರಡೇ. ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ರೇನ್‌ಕೋಟ್ ತೊಟ್ಟು ಡಾಂಬರು ರಸ್ತೆಯಲ್ಲಿ ಓಡುತ್ತಾನೆ. ಈಗ ಮಂಡಿಯ ಕೆಳಗಿನ ಮೂಳೆ ನೋಯುತ್ತಿದೆಯಂತೆ. ಏನು ಮಾಡಬೇಕು?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ರೇನ್‌ಕೋಟ್ ಬಿಡಿಸಿ. ಬೆವರಾಗಿ ಹೋಗುವುದು ನೀರೇ ಹೊರತು ಕೊಬ್ಬಲ್ಲ. ನೀರು ಕುಡಿದ ಕೂಡಲೇ ತೂಕ ಮತ್ತೆ ಅಲ್ಲಿಗೇ. ಮೈಯ ಬಿಸಿ ಹೊರಹೋಗದೆ ಹೀಟ್ ಸ್ಟ್ರೋಕ್ ಆದರೆ ಜೀವಕ್ಕೇ ಅಪಾಯ.

ಭಾರದ ದೇಹ, ಗಟ್ಟಿ ರಸ್ತೆ, ದಿಢೀರನೆ ಹೆಚ್ಚಿಸಿದ ಓಟ ಸೇರಿದರೆ ಕಾಲಿನ ಮೂಳೆ ನೋಯುತ್ತದೆ. ಎರಡು ವಾರ ಓಟ ನಿಲ್ಲಿಸಿ ಸೈಕಲ್ ತುಳಿಯಲಿ. ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ ನೋವಿದ್ದರೆ, ನಡೆಯುವಾಗಲೂ ಕಾಡಿದರೆ ಮೂಳೆ ಬಿರುಕು ಬಿಟ್ಟಿರಬಹುದು. ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ. ಮೊದಲ ದಿನಗಳ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು.

ಓಡಿಯೇ ತೂಕ ಇಳಿಸುತ್ತೇನೆಂಬ ಹಠ ಬೇಡ. 1.6 ಕಿ.ಮೀ.ಗೆ ಅವನಿಗೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ; ಸಂಜೆ ಒಂದೆರಡು ಮಿರ್ಚಿ ತಿಂದರೆ ಅದು ಭರ್ತಿ. ಈಗಿನ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆಯೆಂಬ ಅಳತೆ) 25.6. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕೆ.ಜಿ. ಇಳಿದು, ರ‍್ಯಾಲಿ ಹೊತ್ತಿಗೆ 66–67ಕ್ಕೆ ಬರುತ್ತಾನೆ. ಕರಿದದ್ದು, ಬೇಕರಿ ತಿಂಡಿ, ತಂಪು ಪಾನೀಯ, ಸಕ್ಕರೆ ಚಹಾ ನಿಲ್ಲಲಿ. ರಾತ್ರಿ ಊಟ ಮಾತ್ರ ಬೇಕೇ ಬೇಕು: ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು, ಎರಡು ಮೊಟ್ಟೆ. ಉಪವಾಸ ಬಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಬೀಮ್ ಎಳೆಯಲು ಕಸುವಿರುವುದಿಲ್ಲ.

ಐದೂವರೆ ನಿಮಿಷದೊಳಗೆ ಮುಗಿಸಿದರೆ ಓಟದ ಪೂರ್ತಿ 60 ಅಂಕ. ಅಂದರೆ 400 ಮೀಟರ್ ಸುತ್ತಿಗೆ 82 ಸೆಕೆಂಡ್. ನೋವು ಹೋದ ಮೇಲೆ ಮಣ್ಣಿನ ಮೈದಾನದಲ್ಲಿ ವಾರಕ್ಕೊಮ್ಮೆ ನಾಲ್ಕು ಸುತ್ತು, ತಲಾ 105 ಸೆಕೆಂಡಿನಲ್ಲಿ ಓಡಲಿ. ನಡುವೆ ಎರಡು ನಿಮಿಷ ನಡಿಗೆ. ಎರಡು ವಾರಕ್ಕೊಮ್ಮೆ ನಾಲ್ಕು ಸೆಕೆಂಡ್ ಇಳಿಸಲಿ. ವಾರದಲ್ಲಿ ಬೇರೆ ಎರಡು ದಿನ ಮಾತಾಡುತ್ತಾ ಓಡಬಲ್ಲ ವೇಗದಲ್ಲಿ 4 ಕಿ.ಮೀ. ಸಾಕು. ರ‍್ಯಾಲಿಯಲ್ಲಿ ಗುಂಪಿನ ಜೊತೆ ಮೊದಲ ಸುತ್ತನ್ನೇ 70 ಸೆಕೆಂಡಿಗೆ ನುಗ್ಗಿ ಮೂರನೆಯದರಲ್ಲಿ ಕುಸಿಯುವ ಹುಡುಗರೇ ಹೆಚ್ಚು.

ಬೀಮ್ ಹತ್ತಾದರೆ 40 ಅಂಕ, ಕನಿಷ್ಠ ಆರು ಬೇಕು. ಸ್ಟೂಲ್ ಹತ್ತಿ ಗದ್ದವನ್ನು ಕಂಬಿಯ ಮೇಲಿಟ್ಟು, ಐದು ಸೆಕೆಂಡ್ ಎಣಿಸುತ್ತಾ ಇಳಿಯಲಿ. ಒಂದು ದಿನ ಬಿಟ್ಟು ಒಂದು ದಿನ, ಐದರಂತೆ ಮೂರು ಸಲ. ಕೊಬ್ಬು ಕರಗಿಸುವ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳ ಹತ್ತಿರವೂ ಹೋಗದಿರಲಿ.

ಪ್ರಶ್ನೆ: ಮಿಲಿಟರಿ ಪೊಲೀಸ್‌ಗೆ ಸೇರಬಯಸುವ ಹುಡುಗಿಯರಿಗೂ ಇದೇ ಪರೀಕ್ಷೆಯೇ?

ಉತ್ತರ: ಅಲ್ಲ. 1.6 ಕಿ.ಮೀ. ಓಟಕ್ಕೆ ಮೊದಲ ಗುಂಪಿನ (ಹೆಚ್ಚು ವೇಗದ ಶ್ರೇಣಿಯ) ಮಿತಿ ಏಳೂವರೆ ನಿಮಿಷ. ಬೀಮ್ ಬದಲು 10 ಅಡಿ ಉದ್ದ ಜಿಗಿತ, 3 ಅಡಿ ಎತ್ತರ ಜಿಗಿತ. ಅಭ್ಯಾಸ ಮಾಡಿದರೂ ಏದುಸಿರು ಕಡಿಮೆಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆಗೆ ಚಿಕಿತ್ಸೆ ಮೊದಲು, ಓಟ ಆಮೇಲೆ.