ಅಕ್ಕ ಎನಿಸಿಕೊಂಡವರ ಸಂಕೋಚ

ಆಕೆಗೆ 34 ವರ್ಷ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಮೊದಲ ವರ್ಷದ ವಿದ್ಯಾರ್ಥಿನಿ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದವರು. ಪ್ರೋತ್ಸಾಹಧನ ನೆಚ್ಚಿಕೊಂಡು ಮಗನನ್ನು ಓದಿಸಲಾಗದು ಎಂದು ಕೆಲಸ ಬಿಟ್ಟು ನರ್ಸಿಂಗ್ ಶಾಲೆ ಸೇರಿದ್ದರು. ಈ ಕೋರ್ಸಿನ ಪ್ರವೇಶಕ್ಕೆ ಗರಿಷ್ಠ ವಯಸ್ಸು 35. ಎಎನ್‌ಎಂ (ಸಹಾಯಕ ನರ್ಸ್ ಹಾಗೂ ಸೂಲಗಿತ್ತಿ) ಆದವರಿಗೆ ಮಾತ್ರ ಆ ಮಿತಿಯಿಲ್ಲ. ಈಗ ಬಿಟ್ಟರೆ ಮತ್ತೆ ಸೇರುವುದು ಕಷ್ಟವೆಂದು ತಿಳಿದೂ, ಸಲಹೆಗೆಂದು ನನ್ನ ಬಳಿ ಬಂದಾಗ ಬಿಡುವ ಮಾತಾಡುತ್ತಿದ್ದರು: "ಮೇಡಂ, ವಯಸ್ಸಾಯಿತು. ಏನೂ ತಲೆಗೆ ಹತ್ತುವುದಿಲ್ಲ."

ಹೀಗೆ ತಡವಾಗಿ ಓದಲು ಬಂದವರು ಮೊದಲು ದೂರುವುದೇ ವಯಸ್ಸನ್ನು. ನಾನದನ್ನು ಸುಲಭವಾಗಿ ಒಪ್ಪುವುದಿಲ್ಲ. ಹಾಗನ್ನಿಸಿದ್ದು ಯಾವಾಗ ಎಂದು ಕೇಳಿದೆ. ವಾರ್ಡಿನಲ್ಲಿ ಸ್ಟಾಫ್ ನರ್ಸ್ 500 ಮಿ.ಲೀ. ಸಲೈನ್ ಬಾಟಲಿ ತೋರಿಸಿ, "ಎಂಟು ಗಂಟೆಯಲ್ಲಿ ಮುಗಿಯಬೇಕು, ನಿಮಿಷಕ್ಕೆ ಎಷ್ಟು ಹನಿ?" ಎಂದರಂತೆ. ಪಕ್ಕದಲ್ಲಿದ್ದ ಹುಡುಗಿ ಅಂಗೈ ಮೇಲೆ ಪೆನ್ನಿನಿಂದ ಗೀಚಿ "ಇಪ್ಪತ್ತೊಂದು" ಎಂದಳು. ಈಕೆ ಗೊತ್ತಿದ್ದವರಂತೆ ತಲೆಯಾಡಿಸಿದರು. ಸಲೈನ್ ಹನಿಸುವ ಆ ನಳಿಕೆಯ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 20 ಹನಿ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಆಮೇಲೂ ಯಾರನ್ನೂ ಕೇಳಲಿಲ್ಲ.

"ಏಕೆ ಕೇಳಲಿಲ್ಲ?"

"ಊರಿನಲ್ಲಿ ತಾಯಿ ಕಾರ್ಡ್ ಹಿಡಿದು ಎಲ್ಲರೂ ನನ್ನನ್ನೇ ಕೇಳಲು ಬರುತ್ತಿದ್ದರು. ಇಲ್ಲಿ ಇವರೆಲ್ಲ ಅಕ್ಕಾ ಎನ್ನುತ್ತಾರೆ. ಅಕ್ಕ ಎನಿಸಿಕೊಂಡು ಗೊತ್ತಿಲ್ಲ ಎನ್ನುವುದು ಹೇಗೆ ಮೇಡಂ?"

ನೆನಪಿನ ಶಕ್ತಿಗೆ ಏನೂ ಆಗಿರಲಿಲ್ಲ. ತಮ್ಮ ಊರಿನ ಯಾವ ಮಗುವಿಗೆ ಯಾವ ಲಸಿಕೆ ಬಾಕಿಯಿತ್ತು ಎಂಬುದನ್ನು ಅವರು ಈಗಲೂ ಮನೆ ಮನೆ ಲೆಕ್ಕದಲ್ಲಿ ಹೇಳಬಲ್ಲರು. ಕಳೆದುಕೊಂಡದ್ದು ಊರಿನಲ್ಲಿದ್ದ ಮರ್ಯಾದೆಯನ್ನು. ಉಳಿದದ್ದನ್ನಾದರೂ ಕಾಪಾಡಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದರು.

ಇಡೀ ತರಗತಿಯ ಮುಂದೆ ಕೈ ಎತ್ತಿ ಎಂದು ನಾನು ಹೇಳಲಿಲ್ಲ. ಅದು ಆಗುವ ಮಾತಲ್ಲ. ಅಂಗೈ ಮೇಲೆ ಲೆಕ್ಕ ಮಾಡಿದ ಆ ಹುಡುಗಿ ಒಬ್ಬಳನ್ನೇ ಕೇಳಿ ಎಂದೆ. ಆ ಹುಡುಗಿಗೆ ರೋಗಿಯ ಮೈ ಒರೆಸಲು ನಾಚಿಕೆ, ನರಳುವವರನ್ನು ಮಾತನಾಡಿಸಲು ಭಯ. ಅದನ್ನು ಕಲಿಸುವುದು ಈಕೆಗೆ ನೀರು ಕುಡಿದಷ್ಟು ಸುಲಭ. ಕನ್ನಡ ಮಾಧ್ಯಮದಲ್ಲಿ ಓದಿದವರಾದ್ದರಿಂದ ಇಂಗ್ಲಿಷ್ ಪುಟಗಳನ್ನು ಉರು ಹೊಡೆಯುತ್ತಿದ್ದರು. ಅದನ್ನು ನಿಲ್ಲಿಸಿ, ರಕ್ತ ಹೃದಯದ ಯಾವ ಕೋಣೆಯಿಂದ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕನ್ನಡದಲ್ಲೇ ಜೋರಾಗಿ ಹೇಳಿಕೊಂಡು, ಬಳಿಕ ಇಂಗ್ಲಿಷ್ ಹೆಸರುಗಳನ್ನು ಸೇರಿಸಲು ತಿಳಿಸಿದೆ. ಬಿಡುವ ನಿರ್ಧಾರವನ್ನು ವಾರ್ಷಿಕ ಪರೀಕ್ಷೆಯವರೆಗೆ ಮುಂದೂಡಿ, ರಾತ್ರಿ ಪಾಳಿ ಮುಗಿಸಿ ಬಂದ ಬೆಳಗ್ಗೆಯಂತೂ ಆ ಯೋಚನೆಯೇ ಬೇಡ ಎಂದೆ.

ಇದಕ್ಕಿಂತ ಗಟ್ಟಿ ಸಮಸ್ಯೆ ಹಾಜರಾತಿಯದು. ಪರೀಕ್ಷೆಗೆ ಕೂರಲು ಶೇ. 80 ಸಾಕು, ಆದರೆ ಡಿಪ್ಲೊಮಾ ಕೈಗೆ ಬರಬೇಕಾದರೆ ಪ್ರಾಯೋಗಿಕ ಕೆಲಸದಲ್ಲಿ ಶೇ. 100 ಇರಬೇಕು. ಮಗನಿಗೆ ಜ್ವರ ಬಂದಾಗ ಹಾಕಿದ ರಜೆಯನ್ನೆಲ್ಲ ವಾರ್ಡಿನಲ್ಲಿ ತುಂಬಿಕೊಡಲೇಬೇಕು. ಬಾಕಿ ದಿನಗಳನ್ನು ಈಗಲೇ ಪ್ರಾಂಶುಪಾಲರೊಂದಿಗೆ ಮಾತನಾಡಿ ಬರೆದಿಟ್ಟುಕೊಳ್ಳಲು ಸೂಚಿಸಿದೆ.

ಎರಡನೆಯ ಭೇಟಿಯ ಹೊತ್ತಿಗೆ ಹನಿ ಲೆಕ್ಕ ಬಂದಿತ್ತು. ಅಂಗರಚನಾಶಾಸ್ತ್ರದ ಕಿರುಪರೀಕ್ಷೆಯಲ್ಲಿ ಅಂಕ ಇನ್ನೂ ಕಡಿಮೆಯೇ. ರಾತ್ರಿ ಪಾಳಿ ಇದ್ದಾಗ ಮಗನನ್ನು ನೋಡಿಕೊಳ್ಳಲು ಅತ್ತೆ ಒಪ್ಪಿಲ್ಲ. ಮುಂದಿನ ಸಲ ಅವರನ್ನೂ ಕರೆತರಲು ಹೇಳಿದ್ದೇನೆ.